ಕಾಂಡಕೋಶಗಳಲ್ಲಿ ಯಾವುದು, ಯಾವ ಕೆಲಸಕ್ಕೆ: ಮರುರೂಪಿತ ಕೋಶಗಳ ಕಾಲದ ಒಂದು ಹೋಲಿಕೆ

2025ರ ಏಪ್ರಿಲ್‌ನಲ್ಲಿ ‘ನೇಚರ್’ ಪತ್ರಿಕೆಯು ಪಾರ್ಕಿನ್ಸನ್ ಕಾಯಿಲೆಗೆ ಸಂಬಂಧಿಸಿದ ಎರಡು ಪ್ರಯೋಗಗಳ ವರದಿಗಳನ್ನು ಜೊತೆಜೊತೆಯಾಗಿ ಪ್ರಕಟಿಸಿತು. ಮೊದಲನೆಯದು ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ್ದು. ಅಲ್ಲಿನ ಸಂಶೋಧಕರು ಆರೋಗ್ಯವಂತ ದಾನಿಯೊಬ್ಬರ ಕೋಶಗಳನ್ನು ಮರುರೂಪಿಸಿ, ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಕಾಂಡಕೋಶಗಳ ಸ್ಥಿತಿಗೆ ಮರಳಿಸಿ, ಅವುಗಳಿಂದ ಚಲನೆಯ ಹತೋಟಿಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳ ಎಳೆಯ ರೂಪವನ್ನು ಬೆಳೆಸಿ, 7 ರೋಗಿಗಳ ಮಿದುಳಿನಲ್ಲಿ ನೆಟ್ಟಿದ್ದರು. ಎರಡನೆಯದು ಉತ್ತರ ಅಮೆರಿಕದ್ದು. ಅಲ್ಲಿ 12 ರೋಗಿಗಳಿಗೆ ಕೊಟ್ಟದ್ದೂ ಅದೇ ಬಗೆಯ ಎಳೆಯ ನರಕೋಶಗಳನ್ನೇ. ಆದರೆ ಅವುಗಳ ಮೂಲ ಮಾನವ ಭ್ರೂಣದಿಂದ ಪಡೆದ ಕಾಂಡಕೋಶದ ತಳಿ, ಅಂದರೆ ಪ್ರಯೋಗಶಾಲೆಯಲ್ಲಿ ಬೆಳೆಸುತ್ತ ಬಂದ ಕೋಶಗಳ ಸಂತತಿ. ಎರಡೂ ಕಡೆ ನೆಟ್ಟ ಕೋಶಗಳು ಬದುಕುಳಿದು ಡೋಪಮಿನ್ ತಯಾರಿಸಿದ ಕುರುಹು ಸ್ಕ್ಯಾನ್‌ಗಳಲ್ಲಿ ಕಂಡಿತು, ಗೆಡ್ಡೆಗಳು ಬೆಳೆಯಲಿಲ್ಲ, ಹಲವು ರೋಗಿಗಳ ಚಲನೆಯಲ್ಲಿ ಸುಧಾರಣೆ ಕಂಡುಬಂತು. ಕ್ಯೋಟೊದಲ್ಲಿ ಪರಿಣಾಮವನ್ನು ಅಳೆಯಲಾದ 6 ರೋಗಿಗಳ ಪೈಕಿ 4 ಮಂದಿ ಔಷಧದ ಪ್ರಭಾವ ಇಳಿದ ವೇಳೆಯಲ್ಲೂ ಮೊದಲಿಗಿಂತ ಚೆನ್ನಾಗಿ ಚಲಿಸಬಲ್ಲವರಾಗಿದ್ದರು. ಎರಡರಲ್ಲೂ ಹೋಲಿಕೆಗೆಂದು ಚಿಕಿತ್ಸೆ ಪಡೆಯದ ಗುಂಪು ಇರಲಿಲ್ಲವಾದ್ದರಿಂದ, ಸುಧಾರಣೆಯಲ್ಲಿ ಎಷ್ಟು ಪಾಲು ಕೋಶಗಳದ್ದು, ಎಷ್ಟು ರೋಗಿಯ ನಿರೀಕ್ಷೆಯದು ಎಂದು ಈ ವರದಿಗಳಿಂದ ಬಿಡಿಸಿ ಹೇಳಲಾಗದು.

ಮರುರೂಪಿತ ಕೋಶಗಳು ಬಂದು ಸುಮಾರು ಎರಡು ದಶಕಗಳಾದ ಮೇಲೂ ಭ್ರೂಣದ ಕಾಂಡಕೋಶಗಳು ಪಂದ್ಯದಿಂದ ಹೊರಬಿದ್ದಿಲ್ಲ ಎಂಬುದನ್ನು ಈ ಜೋಡಿ ವರದಿಗಳು ತೋರಿಸುತ್ತವೆ. ‘ಚರ್ಮದ ಕೋಶದಿಂದಲೇ ಎಲ್ಲವೂ ಸಾಧ್ಯವಾದ ಮೇಲೆ ಭ್ರೂಣದ ವಿವಾದ ಮುಗಿಯಿತು’ ಎಂಬ ಮಾತನ್ನು 2007ರಿಂದಲೂ ಕೇಳುತ್ತ ಬಂದಿದ್ದೇವೆ. ನನ್ನ ಅಭಿಪ್ರಾಯದಲ್ಲಿ ವಿವಾದ ಮುಗಿದಿಲ್ಲ. ಭ್ರೂಣದ ಬಳಿಯಿಂದ ಎದ್ದು ದಾನಿಯ ಸಮ್ಮತಿ ಪತ್ರ, ಚಿಕಿತ್ಸೆಯ ಬೆಲೆ ಮತ್ತು ಪ್ರಯೋಗಶಾಲೆಯಲ್ಲಿ ಹುಟ್ಟುವ ಅಂಡಾಣುಗಳ ಬಳಿಗೆ ಹೋಗಿ ಕುಳಿತಿದೆ. ಆದ್ದರಿಂದ ಈ ಬರಹದಲ್ಲಿ ಕೋಶಗಳನ್ನು ‘ನೈತಿಕವಾಗಿ ಶುದ್ಧ’, ‘ಅಶುದ್ಧ’ ಎಂದು ವಿಂಗಡಿಸದೆ, ಯಾವ ಉದ್ದೇಶಕ್ಕೆ ಯಾವುದು ಹೊಂದುತ್ತದೆ, ಅದನ್ನು ಆಯ್ದುಕೊಂಡರೆ ಯಾವ ಹೊಣೆ ಹೆಗಲೇರುತ್ತದೆ ಎಂಬ ಕ್ರಮದಲ್ಲಿ ನೋಡಲಾಗಿದೆ.

ಆಯ್ಕೆಯಲ್ಲಿರುವ ಕೋಶಗಳು

ಭ್ರೂಣದ ಕಾಂಡಕೋಶಗಳನ್ನು ಮೊದಲು ಇಲಿಯಿಂದ 1981ರಲ್ಲಿ, ಮನುಷ್ಯನಿಂದ 1998ರಲ್ಲಿ ಬೇರ್ಪಡಿಸಲಾಯಿತು. ಮಾನವ ಕೋಶಗಳನ್ನು ಬೇರ್ಪಡಿಸಿದ್ದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಥಾಮ್ಸನ್ ತಂಡ. ಫಲಿತಗೊಂಡು ಐದಾರು ದಿನಗಳಾದ ಭ್ರೂಣದ ಒಳಗುಂಪಿನ ಕೋಶಗಳನ್ನು ತೆಗೆದು ಬೆಳೆಸಿದರೆ ಅವು ಮಿತಿಯಿಲ್ಲದೆ ವಿಭಜನೆಗೊಳ್ಳಬಲ್ಲವು, ದೇಹದ ಯಾವ ಬಗೆಯ ಕೋಶವಾಗಿಯೂ ಮಾರ್ಪಡಬಲ್ಲವು. ಈ ಕ್ರಮದಲ್ಲಿ ಭ್ರೂಣ ಸಾಮಾನ್ಯವಾಗಿ ನಾಶವಾಗುತ್ತದೆ. ಆಕ್ಷೇಪದ ಮೂಲ ಇದು.

ಮರುರೂಪಿತ ಕೋಶಗಳು, ಅಂದರೆ ಪ್ರಯೋಗಶಾಲೆಯ ಮಾತಿನಲ್ಲಿ ಐಪಿಎಸ್ ಕೋಶಗಳು, 2006ರಲ್ಲಿ ಕ್ಯೋಟೊದಲ್ಲಿ ಹುಟ್ಟಿದವು. ಶಿನ್ಯಾ ಯಮನಾಕಾ ಮತ್ತು ಕಝುತೋಶಿ ತಕಹಾಶಿ ಅವರು ಭ್ರೂಣದ ಕೋಶಗಳಲ್ಲಿ ಚುರುಕಾಗಿರುವ 24 ವಂಶವಾಹಿಗಳನ್ನು ಆಯ್ದು, ಅವನ್ನು ವೈರಸ್ಸಿನ ಮೂಲಕ ಇಲಿಯ ಸಾಮಾನ್ಯ ಕೋಶಗಳಿಗೆ ಸೇರಿಸಿ, ಒಂದೊಂದನ್ನೇ ಬಿಟ್ಟು ನೋಡುತ್ತ ಹೋಗಿ, ಕೊನೆಗೆ ನಾಲ್ಕೇ ಸಾಕು ಎಂಬ ತೀರ್ಮಾನಕ್ಕೆ ಬಂದರು: ಆಕ್ಟ್-3/4, ಸಾಕ್ಸ್-2, ಕೆಎಲ್‌ಎಫ್-4 ಮತ್ತು ಸಿ-ಮಿಕ್. ಮರುವರ್ಷ ನವೆಂಬರ್‌ನಲ್ಲಿ ಇದೇ ತಂಡವೂ ಥಾಮ್ಸನ್ ತಂಡವೂ ಒಂದೇ ವೇಳೆಗೆ ಮಾನವ ಕೋಶಗಳಲ್ಲಿ ಇದನ್ನು ಸಾಧಿಸಿದವು. ಕಪ್ಪೆಯ ಕರುಳಿನ ಕೋಶದಿಂದ ತೆಗೆದ ಕೋಶಕೇಂದ್ರವನ್ನು ಅಂಡಾಣುವಿನಲ್ಲಿಟ್ಟರೆ ಅದು ಮತ್ತೆ ಇಡೀ ಜೀವಿಯನ್ನು ಕಟ್ಟಬಲ್ಲದು ಎಂದು 1962ರಲ್ಲಿ ತೋರಿಸಿದ್ದ ಜಾನ್ ಗರ್ಡನ್ ಅವರೊಂದಿಗೆ ಯಮನಾಕಾ 2012ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಬೆಳೆದು ನಿಂತ ಕೋಶವೊಂದು ತನ್ನ ಹಳೆಯ ಸಾಧ್ಯತೆಗಳನ್ನು ಕಳೆದುಕೊಂಡಿರುವುದಿಲ್ಲ, ಅವನ್ನು ಮುಚ್ಚಿಟ್ಟುಕೊಂಡಿರುತ್ತದೆ ಎಂಬುದು ಈ ಎರಡೂ ಸಂಶೋಧನೆಗಳ ತಿರುಳು.

ಮೂರನೆಯದು ಕೋಶಕೇಂದ್ರ ವರ್ಗಾವಣೆ, ಅಂದರೆ 1996ರಲ್ಲಿ ಡಾಲಿ ಕುರಿಮರಿ ಹುಟ್ಟಿದ ದಾರಿ. ರೋಗಿಯ ಕೋಶಕೇಂದ್ರವನ್ನು ದಾನಿಯ ಅಂಡಾಣುವಿಗೆ ಸೇರಿಸಿ, ಅದು ಭ್ರೂಣವಾಗತೊಡಗಿದಾಗ ಕಾಂಡಕೋಶ ತೆಗೆಯುವ ಈ ವಿಧಾನವನ್ನು ಮಾನವ ಕೋಶಗಳಲ್ಲಿ ನಿಜವಾಗಿ ಸಾಧಿಸಿದ್ದು 2013ರಲ್ಲಿ, ಅಮೆರಿಕದ ಆರೆಗಾನ್‌ನ ಶೂಖ್ರಾತ್ ಮಿಟಾಲಿಪೋವ್ ತಂಡ. ಅದಕ್ಕೂ ಮೊದಲು ದಕ್ಷಿಣ ಕೊರಿಯಾದ ಹ್ವಾಂಗ್ ವೂ-ಸುಕ್ 2004 ಮತ್ತು 2005ರಲ್ಲಿ ಮಾಡಿದ್ದ ಘೋಷಣೆಗಳು ಕಟ್ಟುಕತೆಗಳೆಂದು ಬಯಲಾಗಿ ಪ್ರಬಂಧಗಳನ್ನು ಹಿಂಪಡೆಯಲಾಗಿತ್ತು. ಆ ಹಗರಣದ ನಡುವೆ ಮಹಿಳೆಯರಿಂದ ಪಡೆದ 2,000ಕ್ಕೂ ಹೆಚ್ಚು ಅಂಡಾಣುಗಳು ವ್ಯರ್ಥವಾದವು. ಕೊಟ್ಟವರಲ್ಲಿ ಅದೇ ಪ್ರಯೋಗಶಾಲೆಯ ಕಿರಿಯ ಸಂಶೋಧಕಿಯರೂ ಇದ್ದರು.

ನಾಲ್ಕನೆಯದು ವಯಸ್ಕ ಕಾಂಡಕೋಶಗಳು. ಅಸ್ಥಿಮಜ್ಜೆಯಲ್ಲಿ, ಕಣ್ಣಿನ ಕಪ್ಪುಗುಡ್ಡೆಯ ಅಂಚಿನಲ್ಲಿ, ಹೊಕ್ಕುಳುಬಳ್ಳಿಯ ರಕ್ತದಲ್ಲಿ ಇವು ಸಹಜವಾಗಿಯೇ ಇರುತ್ತವೆ. ಇವುಗಳ ಸಾಮರ್ಥ್ಯದ ವ್ಯಾಪ್ತಿ ಕಿರಿದು, ಆದರೆ ಚಿಕಿತ್ಸೆಯ ಅನುಭವ ಎಲ್ಲಕ್ಕಿಂತ ಹಿರಿದು. ಇವಲ್ಲದೆ, ಕಾಂಡಕೋಶದ ಹಂತವನ್ನೇ ದಾಟಿಸಿ ಚರ್ಮದ ಕೋಶವನ್ನು ನೇರವಾಗಿ ನರಕೋಶವಾಗಿಸುವ ವಿಧಾನವೂ 2010ರಿಂದ ಇದೆ. ಸಂಶೋಧನೆಗೆ ಉಪಯುಕ್ತವಾದರೂ ಹೀಗೆ ಪಡೆದ ಕೋಶಗಳನ್ನು ಬೇಕಾದಷ್ಟು ಹೆಚ್ಚಿಸಿಕೊಳ್ಳಲಾಗದ ಕಾರಣ ಇಲ್ಲಿ ಅದನ್ನು ವಿವರವಾಗಿ ಮುಂದುವರಿಸುವುದಿಲ್ಲ.

ರೋಗವನ್ನು ತಟ್ಟೆಯಲ್ಲಿ ನೋಡುವುದಕ್ಕೆ

ಉದ್ದೇಶ ರೋಗದ ಕಾರಣವನ್ನು ಅರಿಯುವುದೋ ಔಷಧವನ್ನು ಪರೀಕ್ಷಿಸುವುದೋ ಆಗಿದ್ದರೆ, ಆಯ್ಕೆ ಬಹುಮಟ್ಟಿಗೆ ಮರುರೂಪಿತ ಕೋಶಗಳೇ. ಭ್ರೂಣದ ಕೋಶದ ಮೂಲವಾದ ಭ್ರೂಣ ಮುಂದೆ ಯಾರಾಗುತ್ತಿತ್ತು, ಅವರಿಗೆ ಯಾವ ಕಾಯಿಲೆ ಬರುತ್ತಿತ್ತು ಎಂಬುದು ಗೊತ್ತಿರುವುದಿಲ್ಲ. ಮರುರೂಪಿತ ಕೋಶ ಕೊಟ್ಟ ವ್ಯಕ್ತಿಯಾದರೋ ಕಣ್ಣೆದುರಿಗಿದ್ದಾರೆ: ಅವರ ರೋಗದ ಇತಿಹಾಸ, ಅವರಿಗೆ ಹಿಡಿಸಿದ ಔಷಧ, ಹಿಡಿಸದ ಔಷಧ, ಅವರ ಅಣ್ಣತಮ್ಮಂದಿರಲ್ಲಿ ಯಾರಿಗೆ ರೋಗವಿದೆ, ಯಾರಿಗಿಲ್ಲ ಎಂಬುದೆಲ್ಲ ದಾಖಲಾಗಿರುತ್ತದೆ.

ಇದರ ಒಳ್ಳೆಯ ನಿದರ್ಶನ ಬೆಂಗಳೂರಿನಲ್ಲೇ ಇದೆ. ನಿಮ್ಹಾನ್ಸ್, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಮತ್ತು ಕಾಂಡಕೋಶ ಸಂಶೋಧನಾ ಸಂಸ್ಥೆಯಾದ ಇನ್‌ಸ್ಟೆಮ್ ಸೇರಿ ನಡೆಸಿದ ಯೋಜನೆಯೊಂದರಲ್ಲಿ, ಹಲವು ಸದಸ್ಯರಿಗೆ ತೀವ್ರ ಮಾನಸಿಕ ಕಾಯಿಲೆಗಳಿರುವ ಕುಟುಂಬಗಳಿಂದ ರಕ್ತದ ಮಾದರಿಗಳನ್ನು ಪಡೆದು, ಅವುಗಳಿಂದ ಮರುರೂಪಿತ ಕೋಶತಳಿಗಳನ್ನು ಬೆಳೆಸಲಾಗಿದೆ. ಬದುಕಿರುವ ಮನುಷ್ಯನ ಮಿದುಳಿನ ಚೂರನ್ನು ತೆಗೆದು ಪರೀಕ್ಷಿಸುವುದು ಸಾಧ್ಯವಿಲ್ಲದ ಕಾರಣ, ದ್ವಿಧ್ರುವೀಯ (ಬೈಪೋಲಾರ್) ಕಾಯಿಲೆಯಂತಹ ವಿಷಯದಲ್ಲಿ ಒಂದೇ ಮನೆಯ ರೋಗಿಯ ಮತ್ತು ರೋಗವಿಲ್ಲದವರ ನರಕೋಶಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಇದಕ್ಕಿಂತ ನೇರವಾದ ದಾರಿಯಿಲ್ಲ. ಜಗತ್ತಿನ ಕೋಶಬ್ಯಾಂಕುಗಳಲ್ಲಿ ಯುರೋಪ್ ಮೂಲದವರ ತಳಿಗಳೇ ತುಂಬಿರುವಾಗ ಭಾರತೀಯ ಕುಟುಂಬಗಳ ತಳಿಗಳು ಇರುವುದಕ್ಕೆ ಪ್ರತ್ಯೇಕ ಬೆಲೆಯೂ ಇದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮರುರೂಪಿಸಿದ ಕೂಡಲೇ ಕೋಶದ ವಯಸ್ಸಿನ ಗುರುತುಗಳು ಬಹುಪಾಲು ಅಳಿಸಿಹೋಗುತ್ತವೆ. ಎಪ್ಪತ್ತರ ವೃದ್ಧರ ಚರ್ಮದಿಂದ ಬೆಳೆಸಿದ ನರಕೋಶವೂ ಗರ್ಭಸ್ಥ ಶಿಶುವಿನ ನರಕೋಶದಷ್ಟೇ ಎಳೆಯದಾಗಿ ವರ್ತಿಸುತ್ತದೆ. ಮುಪ್ಪಿನ ಕಾಯಿಲೆಗಳನ್ನು ಅಧ್ಯಯನ ಮಾಡುವವರಿಗೆ ಇದು ಗಂಭೀರ ಕೊರತೆ. ಅಂಥವರು ಮೇಲೆ ಹೇಳಿದ ನೇರ ಪರಿವರ್ತನೆಯ ಕಡೆಗೆ ನೋಡುವುದು ಸೂಕ್ತ, ಏಕೆಂದರೆ ಆ ದಾರಿಯಲ್ಲಿ ವಯಸ್ಸಿನ ಗುರುತುಗಳು ಉಳಿದುಕೊಳ್ಳುತ್ತವೆ. ಜೊತೆಗೆ, ಮನುಷ್ಯನ ಬೆಳವಣಿಗೆಯ ಮೊದಲ ಹಂತಗಳನ್ನೇ ತಿಳಿಯಬೇಕೆನ್ನುವವರು ಭ್ರೂಣದ ಕೋಶಗಳನ್ನು ಅಳತೆಗೋಲಾಗಿ ಇಟ್ಟುಕೊಳ್ಳದೆ ವಿಧಿಯಿಲ್ಲ. ಮರುರೂಪಿತ ಕೋಶವು ಸಾಕಷ್ಟು ಮಟ್ಟಿಗೆ ಹಿಂದಕ್ಕೆ ಹೋಗಿದೆಯೇ ಎಂದು ಒರೆಹಚ್ಚುವುದು ಆ ಕೋಶಗಳ ಮೇಲೆಯೇ.

ಕಸಿಗೆ: ಸ್ವಂತದ್ದೋ, ದಾನಿಯದೋ, ಭ್ರೂಣದ್ದೋ

ಕಸಿಯ ವಿಷಯದಲ್ಲಿ ಉತ್ತರ ಅಷ್ಟು ಸುಲಭವಲ್ಲ. ರೋಗಿಯ ಸ್ವಂತ ಕೋಶವನ್ನು ಮರುರೂಪಿಸಿ ಕಸಿ ಮಾಡಿದರೆ ದೇಹ ಅದನ್ನು ತಿರಸ್ಕರಿಸುವುದಿಲ್ಲ, ರೋಗನಿರೋಧಕ ಶಕ್ತಿಯನ್ನು ಅದುಮುವ ಔಷಧಗಳೂ ಬೇಕಾಗುವುದಿಲ್ಲ ಎಂಬುದು ಈ ತಂತ್ರಜ್ಞಾನ ಮೊದಲು ಕೊಟ್ಟ ಭರವಸೆ. ಆ ಭರವಸೆ ಪರೀಕ್ಷೆಗೆ ಒಳಗಾದದ್ದು 2014ರ ಸೆಪ್ಟೆಂಬರ್‌ನಲ್ಲಿ, ಜಪಾನಿನ ಕೋಬೆ ನಗರದಲ್ಲಿ. ಮಸಾಯೊ ತಕಹಾಶಿ ನೇತೃತ್ವದ ತಂಡವು ಎಪ್ಪತ್ತು ದಾಟಿದ ಮಹಿಳೆಯೊಬ್ಬರ ಚರ್ಮದ ಕೋಶಗಳಿಂದ ಅಕ್ಷಿಪಟಲದ ಹಿಂಬದಿಯ ವರ್ಣಕೋಶಗಳ ತೆಳುಹಾಳೆಯನ್ನು ಬೆಳೆಸಿ, ವಯೋಸಹಜ ಮ್ಯಾಕ್ಯುಲಾ ಕ್ಷೀಣತೆಗೆ (ಅಕ್ಷಿಪಟಲದ ನಡುಭಾಗ ಸವೆಯುವ ಕಾಯಿಲೆಗೆ) ತುತ್ತಾಗಿದ್ದ ಅವರ ಕಣ್ಣಿಗೆ ಕಸಿ ಮಾಡಿತು. ವರ್ಷ ಕಳೆದ ಮೇಲೆ ಹಾಳೆ ಇಟ್ಟಲ್ಲೇ ಉಳಿದಿತ್ತು, ದೃಷ್ಟಿ ಹೆಚ್ಚೂ ಆಗಲಿಲ್ಲ, ಕುಸಿಯಲೂ ಇಲ್ಲ, ತಿರಸ್ಕಾರ ತಡೆಯುವ ಔಷಧವನ್ನೂ ಕೊಡಬೇಕಾಗಲಿಲ್ಲ. ಆದರೆ ಎರಡನೆಯ ರೋಗಿಯ ಕೋಶಗಳಲ್ಲಿ ಮೂಲ ಚರ್ಮದಲ್ಲಿ ಕಾಣದ ವಂಶವಾಹಿ ಬದಲಾವಣೆಗಳು ಕಂಡದ್ದರಿಂದ ಕಸಿಯನ್ನು ನಿಲ್ಲಿಸಲಾಯಿತು. ಒಬ್ಬ ರೋಗಿಗೆ ಕೋಶ ತಯಾರಿಸಿ, ಪರೀಕ್ಷಿಸಿ, ಕಸಿ ಮಾಡಲು ಸುಮಾರು 10 ಕೋಟಿ ಯೆನ್ ತಗಲಿತು ಎಂಬ ಲೆಕ್ಕವೂ ಹೊರಬಿತ್ತು.

ಈ ಎರಡು ಕಾರಣಗಳಿಂದ ಜಪಾನ್ ದಾರಿ ಬದಲಿಸಿತು. ಅಂಗಾಂಶ ಹೊಂದಾಣಿಕೆಯನ್ನು ನಿರ್ಧರಿಸುವ ಎಚ್‌ಎಲ್‌ಎ ಗುರುತುಗಳು ತಂದೆ ತಾಯಿ ಇಬ್ಬರಿಂದಲೂ ಒಂದೇ ಬಗೆಯಲ್ಲಿ ಬಂದಿರುವ ಅಪರೂಪದ ದಾನಿಗಳನ್ನು ಹುಡುಕಿ, ಅವರ ಕೋಶಗಳಿಂದ ಮೊದಲೇ ಪರೀಕ್ಷಿಸಿಟ್ಟ ತಳಿಗಳ ದಾಸ್ತಾನನ್ನು ಕ್ಯೋಟೊದಲ್ಲಿ ಕಟ್ಟಲಾಯಿತು. ಬೆರಳೆಣಿಕೆಯ ದಾನಿಗಳ ತಳಿಗಳೇ ಜಪಾನಿನ ಜನಸಂಖ್ಯೆಯ ಸುಮಾರು ಶೇ 40 ಮಂದಿಗೆ ಹೊಂದುತ್ತವೆ. ಕೋಬೆಯ ತಂಡ 2017ರಲ್ಲಿ ಇದೇ ದಾಸ್ತಾನಿನಿಂದ 5 ರೋಗಿಗಳಿಗೆ ಕಸಿ ಮಾಡಿತು. ಪಾರ್ಕಿನ್ಸನ್ ಪ್ರಯೋಗಕ್ಕೆ ಬಳಸಿದ್ದೂ ಇಂತಹ ತಳಿಯನ್ನೇ. ಅಂದರೆ ಮರುರೂಪಿತ ಕೋಶ ಈಗ ಆಸ್ಪತ್ರೆಗೆ ಬರುತ್ತಿರುವುದು ಹೆಚ್ಚಾಗಿ ‘ನಿಮ್ಮದೇ ಕೋಶ’ವಾಗಿ ಅಲ್ಲ, ‘ಬೇರೊಬ್ಬರ ಕೋಶ’ವಾಗಿ. ಅಲ್ಲಿಗೆ ಭ್ರೂಣದ ಕೋಶದ ಎದುರು ಅದಕ್ಕಿದ್ದ ಮುಖ್ಯ ವೈದ್ಯಕೀಯ ಮೇಲುಗೈ ಬಹುಪಾಲು ಕರಗುತ್ತದೆ. ಕ್ಯೋಟೊ ಮತ್ತು ಉತ್ತರ ಅಮೆರಿಕ ಎರಡೂ ಕಡೆಯ ಪಾರ್ಕಿನ್ಸನ್ ರೋಗಿಗಳು ನಿರೋಧಕ ಶಕ್ತಿ ಅದುಮುವ ಔಷಧವನ್ನು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ತೆಗೆದುಕೊಂಡಿದ್ದರು.

ಭಾರತದಲ್ಲಿ ಇಂತಹ ದಾಸ್ತಾನು ಕಟ್ಟುವುದು ಜಪಾನಿಗಿಂತ ಕಷ್ಟ. ತಮ್ಮ ತಮ್ಮ ಸಮುದಾಯದ ಒಳಗೇ ಮದುವೆಯಾಗುತ್ತ ಬಂದ ಸಾವಿರಾರು ಗುಂಪುಗಳಿರುವ ದೇಶದಲ್ಲಿ ಎಚ್‌ಎಲ್‌ಎ ವೈವಿಧ್ಯ ವಿಪರೀತ; ಕೆಲವೇ ದಾನಿಗಳಿಂದ ದೇಶದ ಅರ್ಧದಷ್ಟು ಜನರನ್ನು ತಲುಪುವ ಲೆಕ್ಕ ಇಲ್ಲಿ ನಡೆಯದು. ಯಾರ ಗುರುತುಗಳನ್ನು ಮೊದಲು ಸೇರಿಸುವುದು, ಸಂಖ್ಯೆಯಲ್ಲಿ ಸಣ್ಣದಾದ ಸಮುದಾಯಗಳ ಪಾಡೇನು ಎಂಬ ಪ್ರಶ್ನೆ ಮೇಲ್ನೋಟಕ್ಕೆ ತಾಂತ್ರಿಕವಾಗಿ ಕಂಡರೂ ನ್ಯಾಯದ ಪ್ರಶ್ನೆಯೇ. ಕಣ್ಣಿನಂತಹ, ನಿರೋಧಕ ವ್ಯವಸ್ಥೆಯ ಕಾಟ ಕಡಿಮೆಯಿರುವ ಅಂಗದಿಂದ ಆರಂಭಿಸುವುದು ಇದಕ್ಕೊಂದು ವ್ಯಾವಹಾರಿಕ ಉತ್ತರ. ಬೆಂಗಳೂರಿನ ಐಸ್ಟೆಮ್ ಸಂಸ್ಥೆ ಒಣ ಬಗೆಯ ಮ್ಯಾಕ್ಯುಲಾ ಕ್ಷೀಣತೆಗೆಂದು ಮರುರೂಪಿತ ಕೋಶಗಳಿಂದ ಬೆಳೆಸಿದ ವರ್ಣಕೋಶಗಳನ್ನು ಮಾನವ ಪ್ರಯೋಗದ ಹಂತಕ್ಕೆ ಒಯ್ದಿದೆ.

ಮಧುಮೇಹದ ಎರಡು ವರದಿಗಳನ್ನು ಓದುವಾಗ ಇದೇ ವಿವೇಚನೆ ಬೇಕು. 2024ರಲ್ಲಿ ಚೀನಾದ ವಿಜ್ಞಾನಿಗಳು ಒಂದನೆಯ ಬಗೆಯ ಮಧುಮೇಹವಿದ್ದ 25 ವರ್ಷದ ಮಹಿಳೆಯ ಸ್ವಂತ ಕೋಶಗಳನ್ನು, ವಂಶವಾಹಿಗಳನ್ನು ಸೇರಿಸದೆ ರಾಸಾಯನಿಕಗಳಿಂದಲೇ ಮರುರೂಪಿಸಿ, ಇನ್ಸುಲಿನ್ ತಯಾರಿಸುವ ಕೋಶಗುಚ್ಛಗಳನ್ನಾಗಿ ಬೆಳೆಸಿ, ಹೊಟ್ಟೆಯ ಸ್ನಾಯುವಿನ ಬಳಿ ಕಸಿ ಮಾಡಿದರು. 75 ದಿನಗಳಲ್ಲಿ ಆಕೆಗೆ ಇನ್ಸುಲಿನ್ ಚುಚ್ಚುಮದ್ದು ಬೇಡವಾಯಿತು. ಸುದ್ದಿಯಲ್ಲಿ ಹಿಂದೆ ಸರಿದ ಸಂಗತಿಯೆಂದರೆ, ಆಕೆಗೆ ಮೊದಲೇ ಯಕೃತ್ತಿನ ಕಸಿಯಾಗಿದ್ದು ನಿರೋಧಕ ಶಕ್ತಿ ಅದುಮುವ ಔಷಧ ನಡೆದೇ ಇತ್ತು. ಒಂದನೆಯ ಬಗೆಯ ಮಧುಮೇಹದಲ್ಲಿ ದೇಹವೇ ತನ್ನ ಇನ್ಸುಲಿನ್ ಕೋಶಗಳನ್ನು ಕೊಲ್ಲುತ್ತದಾದ್ದರಿಂದ, ಔಷಧವಿಲ್ಲದೆ ಸ್ವಂತ ಕೋಶಗಳಾದರೂ ಉಳಿಯುತ್ತಿದ್ದವೇ ಎಂಬ ಪ್ರಶ್ನೆಗೆ ಈ ಪ್ರಕರಣ ಉತ್ತರಿಸಲಾರದು. 2025ರಲ್ಲಿ ಪ್ರಕಟವಾದ ವರ್ಟೆಕ್ಸ್ ಕಂಪನಿಯ ಪ್ರಯೋಗದಲ್ಲಿ ರೋಗಿಯದಲ್ಲದ ಕಾಂಡಕೋಶಗಳಿಂದ ಬೆಳೆಸಿದ ಗುಚ್ಛಗಳನ್ನು ಪೂರ್ಣ ಪ್ರಮಾಣದಲ್ಲಿ ಪಡೆದ 12 ಮಂದಿಯಲ್ಲಿ 10 ಮಂದಿ ವರ್ಷದ ನಂತರ ಇನ್ಸುಲಿನ್ ಇಲ್ಲದೆ ಇದ್ದರು. ಆದರೆ ಅದೇ ಅಧ್ಯಯನದಲ್ಲಿ ಸಂಭವಿಸಿದ ಎರಡು ಸಾವುಗಳಲ್ಲಿ ಒಂದು ಶಿಲೀಂಧ್ರದ ಮಿದುಳುಪೊರೆ ಸೋಂಕಿನಿಂದ ಆದದ್ದು, ಮತ್ತು ನಿರೋಧಕ ಶಕ್ತಿ ಕುಗ್ಗಿದವರನ್ನು ಕಾಡುವ ಸೋಂಕು ಅದು. ಇನ್ಸುಲಿನ್‌ನಿಂದ ಸಾಕಷ್ಟು ಹತೋಟಿಯಲ್ಲಿರುವ ವ್ಯಕ್ತಿಗೆ ಜೀವನಪರ್ಯಂತ ಇಂತಹ ಔಷಧ ಕೊಡುವುದು ಲಾಭದಾಯಕವೆಂದು ನನಗನಿಸುವುದಿಲ್ಲ. ಎಚ್ಚರ ತಪ್ಪುವಷ್ಟು ಸಕ್ಕರೆ ಪದೇಪದೇ ಇಳಿಯುವವರ ಲೆಕ್ಕ ಬೇರೆ, ಪ್ರಯೋಗ ನಡೆದದ್ದೂ ಅಂಥವರ ಮೇಲೆಯೇ.

ಸುರಕ್ಷತೆಯಲ್ಲಿ ಭ್ರೂಣದ ಕೋಶ, ಮರುರೂಪಿತ ಕೋಶ ಎರಡಕ್ಕೂ ಸಮಾನವಾದ ಭಯ ಗೆಡ್ಡೆಯದು. ಪಕ್ವವಾಗದ ಕೋಶ ಉಳಿದುಹೋದರೆ ಅದು ಎಲ್ಲೆಂದರಲ್ಲಿ ಬೆಳೆಯಬಹುದು. ಮರುರೂಪಿತ ಕೋಶಗಳಿಗೆ ಆರಂಭದಲ್ಲಿ ಹೆಚ್ಚುವರಿ ಅಪಾಯವಿತ್ತು: ಸಿ-ಮಿಕ್ ಕ್ಯಾನ್ಸರಿಗೆ ಸಂಬಂಧಿಸಿದ ವಂಶವಾಹಿ, ಅದನ್ನು ಹೊತ್ತ ವೈರಸ್ ಕೋಶದ ಡಿಎನ್‌ಎಯಲ್ಲೇ ನೆಲೆಸುತ್ತಿತ್ತು. ಯಮನಾಕಾ ತಂಡದ್ದೇ 2007ರ ಅಧ್ಯಯನದಲ್ಲಿ ಇಂತಹ ಕೋಶಗಳಿಂದ ಹುಟ್ಟಿದ ಇಲಿಗಳ ಸಂತತಿಯಲ್ಲಿ ಸುಮಾರು ಶೇ 20ಕ್ಕೆ ಗೆಡ್ಡೆಗಳು ಬಂದವು. ಈಗ ಡಿಎನ್‌ಎಯಲ್ಲಿ ಸೇರಿಕೊಳ್ಳದ ಸೆಂಡಾಯ್ ವೈರಸ್, ಪ್ಲಾಸ್ಮಿಡ್ (ಡಿಎನ್‌ಎಯ ಪುಟ್ಟ ಉಂಗುರ) ಮತ್ತು ಆರ್‌ಎನ್‌ಎ ಬಳಸುವುದರಿಂದ ಆ ಅಪಾಯ ಬಹಳ ತಗ್ಗಿದೆ. ಹಾಗೆಂದು ಭ್ರೂಣದ ಕೋಶಗಳು ನಿಷ್ಕಳಂಕವೇನಲ್ಲ. 140 ಭ್ರೂಣಮೂಲ ತಳಿಗಳನ್ನು ಪರಿಶೀಲಿಸಿದ 2017ರ ಅಧ್ಯಯನದಲ್ಲಿ 5 ತಳಿಗಳಲ್ಲಿ, ಕ್ಯಾನ್ಸರನ್ನು ತಡೆಯುವ ಟಿಪಿ-53 ವಂಶವಾಹಿಯ ರೂಪಾಂತರಗಳು ಸಿಕ್ಕವು. ಒಟ್ಟಾರೆ ತಳಿಯ ಮೂಲಕ್ಕಿಂತ, ಅದನ್ನು ಎಷ್ಟು ಕಾಲ ಬೆಳೆಸಲಾಯಿತು, ಎಷ್ಟು ಆಳವಾಗಿ ಪರೀಕ್ಷಿಸಲಾಯಿತು ಎಂಬುದನ್ನು ಕೇಳುವುದು ಹೆಚ್ಚು ಸಾರ್ಥಕ.

ನೈತಿಕ ಲೆಕ್ಕ

ಭ್ರೂಣಕ್ಕೆ ಫಲಿತಗೊಂಡ ಕ್ಷಣದಿಂದಲೇ ಮನುಷ್ಯನ ಪೂರ್ಣ ಸ್ಥಾನಮಾನವಿದೆ ಎಂದು ನಂಬುವವರಿಗೆ, ಕ್ಯಾಥೊಲಿಕ್ ಚರ್ಚಿನ ನಿಲುವು ಇದೇ, ಭ್ರೂಣದ ಕೋಶವನ್ನು ಯಾವ ಲಾಭವೂ ಸಮರ್ಥಿಸಲಾರದು. ಸ್ಥಾನಮಾನ ಹಂತಹಂತವಾಗಿ ಬರುತ್ತದೆ ಎನ್ನುವವರು, ಪ್ರಣಾಳ ಶಿಶು ಚಿಕಿತ್ಸೆಯಲ್ಲಿ ಉಳಿದು ಹೇಗೂ ಎಸೆಯಲ್ಪಡುವ ಭ್ರೂಣವನ್ನು ದಂಪತಿಯ ಒಪ್ಪಿಗೆಯಿಂದ ಬಳಸುವುದನ್ನು ಒಪ್ಪುತ್ತಾರೆ. ಅಮೆರಿಕ ಈ ಎರಡರ ನಡುವೆ ತೂಗಾಡಿತು: 2001ರ ಆಗಸ್ಟ್‌ನಲ್ಲಿ ಅಧ್ಯಕ್ಷ ಬುಷ್ ಆಗಲೇ ಇದ್ದ ತಳಿಗಳಿಗೆ ಮಾತ್ರ ಕೇಂದ್ರದ ಹಣ ಎಂದರು, 2009ರ ಮಾರ್ಚ್‌ನಲ್ಲಿ ಒಬಾಮ ಆ ನಿರ್ಬಂಧ ತೆಗೆದರು. ಜರ್ಮನಿ ತನ್ನ ನೆಲದಲ್ಲಿ ಭ್ರೂಣದಿಂದ ತಳಿ ತೆಗೆಯುವುದನ್ನು ನಿಷೇಧಿಸಿ, ನಿಗದಿತ ದಿನಾಂಕಕ್ಕೂ ಮೊದಲು ಬೇರೆಡೆ ತೆಗೆದ ತಳಿಗಳ ಆಮದಿಗೆ 2002ರಲ್ಲಿ ಅನುಮತಿ ಕೊಟ್ಟಿತು, 2008ರಲ್ಲಿ ಆ ದಿನಾಂಕವನ್ನೇ ಮುಂದೂಡಿತು. ಬೇರೆಯವರು ಮಾಡಿದ ತಪ್ಪಿನ ಫಲವನ್ನು ತಾನು ಉಣ್ಣಬಹುದು ಎಂಬ ಈ ಏರ್ಪಾಡು ನನಗೆಂದೂ ಸರಿಯಾಗಿ ಅರಗಿಲ್ಲ.

ಭಾರತದ ನಿಲುವು ಮಧ್ಯಮ ಮಾರ್ಗದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ಉಳಿಕೆ ಭ್ರೂಣಗಳ ಮೇಲಿನ ಸಂಶೋಧನೆಯನ್ನು ಸಮಿತಿಗಳ ಮೇಲ್ವಿಚಾರಣೆಯಲ್ಲಿ ಒಪ್ಪುತ್ತದೆ, 14 ದಿನಗಳಾಚೆ ಭ್ರೂಣವನ್ನು ಬೆಳೆಸುವುದನ್ನೂ ಮಾನವ ತದ್ರೂಪಿ ಸೃಷ್ಟಿಯನ್ನೂ ನಿಷೇಧಿಸುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮ್ದಾರ್ ತಂಡ 2009ರಲ್ಲಿ ವರದಿ ಮಾಡಿದ ಎರಡು ತಳಿಗಳು, ಗರ್ಭಕ್ಕೆ ಸೇರಿಸಲು ಯೋಗ್ಯವಲ್ಲವೆಂದು ಬದಿಗಿಟ್ಟ ಕೆಳದರ್ಜೆಯ ಭ್ರೂಣಗಳಿಂದ ಬಂದವು. ಉಳಿಕೆ ಭ್ರೂಣ ಎಂಬುದರ ಅರ್ಥ ಎಷ್ಟು ವಾಸ್ತವದ್ದು ಎಂಬುದಕ್ಕೆ ಇದೊಂದು ಉದಾಹರಣೆ.

ಕೋಶಕೇಂದ್ರ ವರ್ಗಾವಣೆಯಲ್ಲಿ ಭಾರ ಬೀಳುವುದು ಮಹಿಳೆಯ ದೇಹದ ಮೇಲೆ. ಹಾರ್ಮೋನು ಚುಚ್ಚಿಸಿಕೊಂಡು, ಅರಿವಳಿಕೆಯಲ್ಲಿ ಅಂಡಾಣು ತೆಗೆಸಿಕೊಳ್ಳುವುದು ಸಣ್ಣ ಮಾತಲ್ಲ. ಸಂತಾನ ಚಿಕಿತ್ಸೆಗಾಗಿಯೇ ಆದರೂ ಭಾರತದ 2021ರ ಕಾಯ್ದೆ ಒಬ್ಬ ದಾನಿ ಜೀವಿತದಲ್ಲಿ ಒಮ್ಮೆ ಮಾತ್ರ, 7ಕ್ಕಿಂತ ಹೆಚ್ಚಲ್ಲದ ಅಂಡಾಣು ಕೊಡಬಹುದು ಎನ್ನುತ್ತದೆ. ಹ್ವಾಂಗ್ ಪ್ರಯೋಗಶಾಲೆಯ ಸಾವಿರಾರರ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟರೆ ಈ ವಿಧಾನ ಏಕೆ ಹಿಂದೆ ಬಿತ್ತೆಂದು ಬೇರೆ ವಿವರಿಸಬೇಕಿಲ್ಲ. ವೈದ್ಯಕೀಯ ಉದ್ದೇಶಕ್ಕೆ ಇದನ್ನು ಇಂದು ಆಯ್ದುಕೊಳ್ಳಲು ಕಾರಣವಿಲ್ಲ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳಿಗೆ ಸಂಬಂಧಿಸಿದ ಕೆಲವು ಸಂಶೋಧನೆಗಳಷ್ಟೇ ಇದಕ್ಕೆ ಉಳಿದಿರುವ ಜಾಗ.

ಮರುರೂಪಿತ ಕೋಶಕ್ಕೆ ಭ್ರೂಣವೂ ಬೇಡ, ಅಂಡಾಣುವೂ ಬೇಡ. ಆದರೆ ಇಲಿಯ ಮಟ್ಟಿಗೆ ಅದು ಅಂಡಾಣುವಾಗಬಲ್ಲದು. ಕತ್ಸುಹಿಕೊ ಹಯಾಶಿ ತಂಡ 2023ರಲ್ಲಿ ಗಂಡು ಇಲಿಯ ಕೋಶವನ್ನು ಮರುರೂಪಿಸಿ, ವೈ ವರ್ಣತಂತುವನ್ನು ಕಳೆದು, ಅಂಡಾಣುವಾಗಿಸಿ, ಇನ್ನೊಂದು ಗಂಡಿನ ವೀರ್ಯಾಣುವಿನೊಂದಿಗೆ ಸೇರಿಸಿ ಮರಿಗಳನ್ನು ಪಡೆಯಿತು. ಗರ್ಭಕ್ಕೆ ಸೇರಿಸಿದ 630 ಭ್ರೂಣಗಳಲ್ಲಿ ಹುಟ್ಟಿದ್ದು 7. ಮನುಷ್ಯನಲ್ಲಿ ಇದು ಸಾಧ್ಯವಾದರೆ ಮಕ್ಕಳಿಲ್ಲದವರಿಗೆ ದೊಡ್ಡ ವರ, ಜೊತೆಗೆ ನೂರಾರು ಭ್ರೂಣ ತಯಾರಿಸಿ ಆರಿಸಿಕೊಳ್ಳುವ ಪ್ರಲೋಭನೆ. ಯಾರದೋ ಬಿದ್ದ ಕೂದಲಿನಿಂದ ಅವರಿಗರಿಯದಂತೆ ಅವರನ್ನು ತಂದೆಯಾಗಿಸುವ ದೂರದ ಸಾಧ್ಯತೆಯನ್ನೂ ಕಾನೂನು ತಜ್ಞರು ಚರ್ಚಿಸುತ್ತಿದ್ದಾರೆ. ಇನ್ನೊಂದು ಕಡೆ, 2021ರಲ್ಲಿ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಚರ್ಮದ ಕೋಶಗಳನ್ನು ಮರುರೂಪಿಸಿಯೇ ಎಳೆಯ ಭ್ರೂಣವನ್ನು ಹೋಲುವ ರಚನೆಗಳನ್ನು ಪಡೆದರು. 2023ರಲ್ಲಿ ಇಸ್ರೇಲಿನ ಜೇಕಬ್ ಹನ್ನಾ ತಂಡ ಕಾಂಡಕೋಶಗಳಿಂದ 14 ದಿನದ ಭ್ರೂಣವನ್ನು ಹೋಲುವ ಮಾದರಿಯನ್ನು ತೋರಿಸಿತು. ಬ್ರಿಟನ್ನಿನ ವಾರ್ನಾಕ್ ಸಮಿತಿ 1984ರಲ್ಲಿ ಸೂಚಿಸಿದ 14 ದಿನದ ಗಡಿ ಎಣಿಕೆ ಶುರುಮಾಡುವುದು ಫಲೀಕರಣದಿಂದ; ಫಲೀಕರಣವೇ ನಡೆಯದ ರಚನೆಗೆ ಮೊದಲ ದಿನ ಯಾವುದು? ಅಂತರರಾಷ್ಟ್ರೀಯ ಕಾಂಡಕೋಶ ಸಂಶೋಧನಾ ಸಂಘದ 2025ರ ಮಾರ್ಗಸೂಚಿ ಈ ಮಾದರಿಗಳಿಗೆಲ್ಲ ಮೇಲ್ವಿಚಾರಣೆ ಬೇಕೆಂದೂ ಅವನ್ನು ಗರ್ಭಕ್ಕೆ ಸೇರಿಸಕೂಡದೆಂದೂ ಹೇಳಿದೆ. ಭ್ರೂಣವನ್ನು ತಪ್ಪಿಸಲೆಂದು ಬಂದ ತಂತ್ರ ಭ್ರೂಣದಂತಹದನ್ನೇ ಕಟ್ಟಲು ಒದಗಿದೆ ಎಂಬುದನ್ನು ಮರೆತು ‘ಇದು ನೈತಿಕವಾಗಿ ಸರಾಗ’ ಎನ್ನುವುದು ಅರ್ಧ ಸತ್ಯ.

ಹಣ ಕೊಟ್ಟರೆ ಇಂದೇ ಸಿಗುವವು

ಕಾಯಿಲೆಯವರ ಮನೆಯವರಿಗೆ ಎದುರಾಗುವ ಆಯ್ಕೆ ಮೇಲಿನವುಗಳಲ್ಲಿ ಯಾವುದೂ ಅಲ್ಲ. ಅವರ ಮುಂದಿರುವುದು ಸಾಮಾನ್ಯವಾಗಿ ‘ನಿಮ್ಮದೇ ಕೊಬ್ಬಿನ ಅಥವಾ ಮಜ್ಜೆಯ ಕಾಂಡಕೋಶ’ ಎಂಬ ಜಾಹೀರಾತು. ಇದರ ತೂಕವನ್ನು ತಿಳಿಯಲು 2017ರ ಮಾರ್ಚ್‌ನ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಸಂಚಿಕೆಯೊಂದೇ ಸಾಕು. ಕೋಬೆಯ ಮಹಿಳೆಯ ವರದಿ ಬಂದ ಅದೇ ಸಂಚಿಕೆಯಲ್ಲಿ, ಅಮೆರಿಕದ ಫ್ಲಾರಿಡಾದ ಚಿಕಿತ್ಸಾಲಯವೊಂದರಲ್ಲಿ ಅದೇ ಮ್ಯಾಕ್ಯುಲಾ ಕಾಯಿಲೆಗೆ ಹೊಟ್ಟೆಯ ಕೊಬ್ಬಿನಿಂದ ತೆಗೆದ ಕೋಶಗಳನ್ನು ಎರಡೂ ಕಣ್ಣಿಗೆ ಚುಚ್ಚಿಸಿಕೊಂಡು ದೃಷ್ಟಿ ಕಳೆದುಕೊಂಡ ಮೂವರು ಮಹಿಳೆಯರ ವರದಿಯೂ ಇತ್ತು. ಕೋಬೆಯಲ್ಲಿ ಒಂದೇ ಕಣ್ಣು, ವರ್ಷಗಳ ತಯಾರಿ, ಸಂದೇಹ ಬಂದೊಡನೆ ನಿಲುಗಡೆ. ಫ್ಲಾರಿಡಾದಲ್ಲಿ ಒಂದೇ ದಿನ ಎರಡೂ ಕಣ್ಣು.

ಭಾರತದ ಮಾರ್ಗಸೂಚಿಯ ಪ್ರಕಾರ ಪ್ರಯೋಗವಲ್ಲದ ನಿತ್ಯದ ಚಿಕಿತ್ಸೆಯಾಗಿ ಒಪ್ಪಿತವಾದದ್ದು ಮುಖ್ಯವಾಗಿ ರಕ್ತದ ಕಾಯಿಲೆಗಳಿಗೆ ಮಾಡುವ ರಕ್ತಜನಕ ಕಾಂಡಕೋಶಗಳ, ಅಂದರೆ ಅಸ್ಥಿಮಜ್ಜೆಯ ಕಸಿ. ಬೇರೆ ಉತ್ಪನ್ನಗಳು ಔಷಧ ನಿಯಂತ್ರಕರ ಅನುಮತಿ ಪಡೆಯಬೇಕು. ಬೆಂಗಳೂರಿನ ಸ್ಟೆಂಪ್ಯುಟಿಕ್ಸ್ ಕಂಪನಿಯ, ಕಾಲಿನ ರಕ್ತನಾಳ ಕಟ್ಟುವ ಬರ್ಗರ್ ಕಾಯಿಲೆಗೆ ಬಳಸುವ ಉತ್ಪನ್ನ ಹಾಗೆ ಪಡೆದದ್ದು. ಉಳಿದವೆಲ್ಲ ನೋಂದಾಯಿತ ಪ್ರಯೋಗದ ಚೌಕಟ್ಟಿನಲ್ಲಿಯೇ ನಡೆಯಬೇಕು, ಪ್ರಯೋಗಕ್ಕೆ ಒಳಗಾಗುವವರಿಂದ ಹಣ ಪಡೆಯಬಾರದು. ಆಟಿಸಂಗೆ ಕಾಂಡಕೋಶ ಚಿಕಿತ್ಸೆಯನ್ನು ಪ್ರಚಾರ ಮಾಡುವುದು ವೃತ್ತಿಪರ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕ ಮಂಡಳಿ 2022ರ ಡಿಸೆಂಬರ್‌ನಲ್ಲೇ ಹೇಳಿದೆ. ಯಾರಾದರೂ ‘ಪ್ರಯೋಗ’ ಎಂದೂ ಹೇಳಿ ಶುಲ್ಕವನ್ನೂ ಕೇಳಿದರೆ ಅಲ್ಲಿಂದ ಎದ್ದು ಬರುವುದೇ ಸರಿಯಾದ ಆಯ್ಕೆ.

ಕಣ್ಣಿನ ಅಂಚಿನ ಕಾಂಡಕೋಶಗಳು ಇದಕ್ಕೆ ಗೌರವಯುತ ಅಪವಾದ. ಸುಣ್ಣ ಅಥವಾ ಆಮ್ಲ ಬಿದ್ದು ಸುಟ್ಟ ಕಣ್ಣಿಗೆ, ಇನ್ನೊಂದು ಆರೋಗ್ಯವಂತ ಕಣ್ಣಿನಿಂದ ಪುಟ್ಟ ಚೂರು ತೆಗೆದು ನೆಡುವ ಸರಳ ವಿಧಾನವೊಂದನ್ನು ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯ ವೈದ್ಯರು 2012ರಲ್ಲಿ ಪ್ರಕಟಿಸಿದರು. ಪ್ರಯೋಗಶಾಲೆಯಲ್ಲಿ ಕೋಶ ಬೆಳೆಸುವ ವೆಚ್ಚವೇ ಇದರಲ್ಲಿಲ್ಲ. ಮರುರೂಪಿತ ಕೋಶಗಳ ಬೆರಗಿನಲ್ಲಿ ಇಂತಹ ಅಗ್ಗದ, ಪರೀಕ್ಷಿತ ದಾರಿಗಳಿಗೆ ಸಿಗಬೇಕಾದ ಗಮನ ಸಿಗುತ್ತಿಲ್ಲ.

ಹೆರಿಗೆಯ ಸಮಯದಲ್ಲಿ ಹೊಕ್ಕುಳುಬಳ್ಳಿಯ ರಕ್ತವನ್ನು ಖಾಸಗಿ ಬ್ಯಾಂಕಿನಲ್ಲಿ ಇಡಿಸಬೇಕೇ ಎಂದು ಕೇಳುವ ತಂದೆತಾಯಂದಿರಿಗೆ ಉತ್ತರ ಚಿಕ್ಕದು. ಮಗುವಿಗೆ ಸ್ವಂತ ರಕ್ತ ಬೇಕಾಗುವ ಸಂಭವ ಅತ್ಯಂತ ಕಡಿಮೆ, ಥಲಸ್ಸೀಮಿಯಾದಂತಹ ಆನುವಂಶಿಕ ಕಾಯಿಲೆಯಲ್ಲಿ ಅದೇ ದೋಷ ಆ ರಕ್ತದಲ್ಲೂ ಇರುತ್ತದೆ, ವೈದ್ಯಕೀಯ ಸಂಶೋಧನಾ ಪರಿಷತ್ತೂ ಖಾಸಗಿ ಸಂಗ್ರಹವನ್ನು ಶಿಫಾರಸು ಮಾಡುವುದಿಲ್ಲ. ಮನೆಯಲ್ಲಿ ಈಗಾಗಲೇ ಕಸಿ ಬೇಕಾಗಿರುವ ಅಕ್ಕನೋ ಅಣ್ಣನೋ ಇದ್ದರೆ ಮಾತ್ರ ವೈದ್ಯರೊಂದಿಗೆ ಚರ್ಚಿಸಬೇಕು.

ಚರ್ಮ ಅಥವಾ ರಕ್ತ ಕೊಡುವವರಿಗೆ

ಸಂಶೋಧನೆಗೆಂದು ಮಾದರಿ ಕೇಳಿದಾಗ ಎರಡು ಬಗೆಯ ಸಮ್ಮತಿ ಪತ್ರಗಳು ಎದುರಾಗಬಹುದು. ಒಂದು ನಿರ್ದಿಷ್ಟ ಅಧ್ಯಯನಕ್ಕೆ ಸೀಮಿತವಾದದ್ದು, ಇನ್ನೊಂದು ಮುಂದಿನ ಎಲ್ಲ ಬಗೆಯ ಸಂಶೋಧನೆಗೆ ತೆರೆದದ್ದು. ವಿಜ್ಞಾನದ ದೃಷ್ಟಿಯಿಂದ ಎರಡನೆಯದು ಉಪಯುಕ್ತ, ಏಕೆಂದರೆ ಕೋಶತಳಿ ದಶಕಗಳ ಕಾಲ ಬದುಕುತ್ತದೆ, ಹತ್ತು ವರ್ಷದ ನಂತರ ಹೊಳೆಯುವ ಪ್ರಶ್ನೆಯನ್ನು ಇಂದು ಬರೆದಿಡಲಾಗದು. ದಾನಿಯ ದೃಷ್ಟಿಯಿಂದ ಅದೇ ಅದರ ತೊಂದರೆ. ಹೆಸರು ಅಳಿಸಿದರೂ ತಳಿಯಲ್ಲಿರುವುದು ದಾನಿಯ ಪೂರ್ಣ ಡಿಎನ್‌ಎ; ಅದರ ಮೂಲಕ ಅವರ ಮಕ್ಕಳ, ಒಡಹುಟ್ಟಿದವರ ಆರೋಗ್ಯದ ಸುಳಿವೂ ಹೊರಬರಬಲ್ಲದು.

ನನ್ನ ಸಲಹೆ ತೆರೆದ ಸಮ್ಮತಿಯನ್ನೇ ಕೊಡುವುದು, ಆದರೆ ಕೆಲವು ಬಳಕೆಗಳನ್ನು ಹೆಸರಿಸಿ ಹೊರಗಿಡುವುದು ಅಥವಾ ಅವಕ್ಕೆ ಮತ್ತೆ ಕೇಳಬೇಕೆಂದು ಬರೆಸಿಕೊಳ್ಳುವುದು. ಅಂಡಾಣು ಅಥವಾ ವೀರ್ಯಾಣು ತಯಾರಿ, ಭ್ರೂಣವನ್ನು ಹೋಲುವ ಮಾದರಿಗಳು, ಪ್ರಾಣಿಯ ಭ್ರೂಣಕ್ಕೆ ಕೋಶ ಸೇರಿಸುವುದು ಮತ್ತು ವಾಣಿಜ್ಯ ಮಾರಾಟ, ಈ ನಾಲ್ಕಕ್ಕೂ ಪ್ರತ್ಯೇಕ ಸಹಿ ಇರುವ ಪತ್ರ ಒಳ್ಳೆಯ ಪತ್ರ. ಪರೀಕ್ಷೆಯಲ್ಲಿ ಗಂಭೀರ ಕಾಯಿಲೆಯ ಸೂಚನೆ ಸಿಕ್ಕರೆ ನಿಮಗೆ ತಿಳಿಸುತ್ತಾರೆಯೇ, ತಿಳಿಸುವುದು ಬೇಡವೆನ್ನಲು ಅವಕಾಶವಿದೆಯೇ ಎಂಬುದನ್ನೂ ಅದರಲ್ಲಿ ಹುಡುಕಬೇಕು. ಹಿಂದೆ ಸರಿಯುವ ಹಕ್ಕನ್ನು ಎಲ್ಲ ಪತ್ರಗಳೂ ಕೊಡುತ್ತವೆ, ಆದರೆ ಬೇರೆ ಪ್ರಯೋಗಶಾಲೆಗಳಿಗೆ ಹಂಚಿಹೋದ ತಳಿಗಳನ್ನೂ ಪ್ರಕಟವಾದ ದತ್ತಾಂಶವನ್ನೂ ಮರಳಿ ತರಲಾಗದು. ಆದ್ದರಿಂದ ಹಂಚಿಕೆ ಯಾವ ಹಂತದಲ್ಲಿ ಆರಂಭವಾಗುತ್ತದೆ, ಅದಕ್ಕೂ ಮೊದಲು ಮನಸ್ಸು ಬದಲಿಸಲು ಎಷ್ಟು ಕಾಲವಿದೆ ಎಂದು ಸಹಿ ಹಾಕುವ ಮೊದಲೇ ಕೇಳಿ, ಉತ್ತರವನ್ನು ಪತ್ರದ ಪ್ರತಿಯ ಮೇಲೆ ಬರೆಸಿಕೊಳ್ಳಬೇಕು.